ದೊಡ್ಡಮಾದಮ್ಮ ಎತ್ತಿಟ್ಟ ಮಾತ್ರೆಗಳು

ದೊಡ್ಡಮಾದಮ್ಮನನ್ನು ನಾನು ಮೊದಲು ಕಂಡದ್ದು ತಾಳವಾಡಿಯ ಬಸ್ ನಿಲ್ದಾಣದಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ. ಕಣ್ಣಿನ ಪೊರೆ ತೆಗೆಸಿಕೊಂಡವಳು ಮತ್ತೊಮ್ಮೆ ತೋರಿಸಬೇಕಾಗಿದ್ದುದರಿಂದ ನಾನು ಸತ್ಯಮಂಗಲಕ್ಕೆ ಹೊರಟಿದ್ದೆ. ಬಸ್ಸು ಬಂದು ನಿಂತಿತ್ತು. ಹೊರಡುವ ಲಕ್ಷಣ ಮಾತ್ರ ಇರಲಿಲ್ಲ. ದಿಂಬಂ ಘಾಟಿಯ ತಿರುವಿನಲ್ಲಿ ಕಬ್ಬಿನ ಲಾರಿಯೊಂದು ಅಡ್ಡ ನಿಂತಿದೆಯೆಂದು ಸುದ್ದಿ ಬಂದಿತ್ತು. ಐವತ್ತು ದಾಟಿದ, ಬಡಕಲು ಮೈಯ ಹೆಂಗಸೊಬ್ಬಳು ಕಂಡಕ್ಟರನ ಎದುರಿಗೆ ನಿಂತು ಜಗಳವಾಡುತ್ತಿದ್ದಳು.

"ಎಷ್ಟೊತ್ಗೆ ಬುಡ್ತೀಯ ಏಳಪ್ಪ. ಮಧ್ಯಾನ ಆದ್ರೆ ಆಸ್ಪತ್ರೆಲಿ ಮಾತ್ರೆ ಕೊಡೋ ಕಿಟಕಿ ಮುಚ್ಬುಡ್ತರೆ."

"ಲಾರಿ ತಗೀಲಿ ಕಣಮ್ಮ. ಬಸ್ಸ ತಲೆ ಮೇಲೆ ಒತ್ಕೊಂಡು ಘಾಟಿ ಇಳೀಲಾ ನಾನು?"

"ಒತ್ಕೊ. ದಿನಾ ಬಸ್ಸೇ ನಿನ್ನ ಒರ್ತದೆ. ಒಂದಿನ ನೀನು ಅದ ಒತ್ತರೆ ಏನಾಯ್ತದೆ?"

ಬಸ್ಸಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕ. ಅವಳು ಮಾತ್ರ ನಗದೆ ಒಳಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಟೀಚರಮ್ಮ ಅಲ್ವಾ? ನನ್ ಮಗ್ಳು ಪರಿಮಳ ನಿಮ್ ತಾವೇ ಓದಿದ್ದು. ತಿಗನಾರೆಯವ್ಳು" ಎಂದಳು.

ಪರಿಮಳ ನೆನಪಾದಳು. ಪದ್ಯವನ್ನು ಉಸಿರು ತೆಗೆದುಕೊಳ್ಳದೆ ಒಂದೇ ಓಟದಲ್ಲಿ ಹೇಳಿ ಮುಗಿಸಿ ಕೂತುಬಿಡುತ್ತಿದ್ದ ಹುಡುಗಿ. ಈಗ ಮದುವೆಯಾಗಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಗಂಡನ ಜೊತೆ ದುಡಿಯುತ್ತಿದ್ದಾಳಂತೆ.

"ನೀವು ಎಲ್ಲಿಗೆ ಹೊರಟಿರಿ?" ಎಂದು ಕೇಳಿದೆ.

"ಕೊಯಮತ್ತೂರ್ಗೆ. ಮಾರ್ಪಿನ್ ತರಕೆ."

ಉಪ್ಪು ತರುವುದಕ್ಕೆ ಎನ್ನುವ ಹಾಗೆ ಹೇಳಿದಳು. ಮಾರ್ಫಿನ್ ಎಂಬ ಹೆಸರನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಒಬ್ಬ ಕೂಲಿ ಹೆಂಗಸಿನ ಬಾಯಲ್ಲಿ ಅದನ್ನು ಕೇಳುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ. ಗಂಡನಿಗೆ ಕ್ಯಾನ್ಸರ್, ಮೂಳೆಗೆ ಹರಡಿದೆ, ಹದಿನೈದು ದಿನಕ್ಕೊಮ್ಮೆ ಹೋಗಿ ನೋವಿನ ಮಾತ್ರೆ ತರಬೇಕು ಎಂದು ಬಸ್ಸು ಹಾಸನೂರು ಮುಟ್ಟುವುದರೊಳಗೆ ಎಲ್ಲವನ್ನೂ ಹೇಳಿದಳು. ಘಾಟಿಯ ತಿರುವುಗಳು ಶುರುವಾದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಘಾಟಿ ಇಳಿದು ಬಣ್ಣಾರಿ ಬರುವವರೆಗೂ ತೆರೆಯಲಿಲ್ಲ.

ಆಮೇಲೆ ಅವಳು ಆಗಾಗ ನಮ್ಮ ಮನೆಗೆ ಬರತೊಡಗಿದಳು. ನಮ್ಮ ಮನೆ ತಾಳವಾಡಿಯಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರ. ಕೊಯಮತ್ತೂರಿನಿಂದ ಬಂದವಳು ತಿಗನಾರೆಯ ಬಸ್ಸು ಬರುವ ತನಕ ಜಗಲಿಯ ಮೇಲೆ ಕೂತಿರುವಳು. ಹಾಗೆ ತುಣುಕು ತುಣುಕಾಗಿ ಕೇಳಿದ ಕಥೆ ಇದು.

ಗಂಡನ ಹೆಸರು ರಾಚ. ಹಗಲು ಕೂಲಿ, ಫಸಲಿನ ಕಾಲದಲ್ಲಿ ರಾತ್ರಿ ಹೊಲ ಕಾಯುವುದು, ಇದು ಅವನ ಜೀವನ. ಅಟ್ಟಣೆಯ ಮೇಲೆ ಕೂತು ಕೂಗು ಹಾಕಿದರೆ ಹಂದಿ ಮಾತ್ರವಲ್ಲ, ಪಕ್ಕದ ಹೊಲದ ಕಾವಲುಗಾರನೂ ಎದ್ದು ಓಡುತ್ತಾನೆ ಎಂದು ಊರಿನವರು ಹಾಸ್ಯ ಮಾಡುತ್ತಿದ್ದರಂತೆ. ಒಂದು ವರ್ಷ ಸೊಂಟ ನೋಯಲು ಶುರುವಾಯಿತು. ಅಟ್ಟಣೆಯಿಂದ ಜಾರಿ ಬಿದ್ದದ್ದಕ್ಕೆ ಇರಬೇಕೆಂದು ಪೇಟೆಯ ಒಂದು ಚಿಕ್ಕ ಕ್ಲಿನಿಕ್ಕಿಗೆ ಹೋದ. ಅಲ್ಲಿ ಒಂದು ಸೂಜಿ, ಒಂದು ಪಟ್ಟಿ ಮಾತ್ರೆ. ಆ ಮಾತ್ರೆಯನ್ನು ನಮ್ಮ ಸೀಮೆಯಲ್ಲಿ ಕೋಸು, ಆಲೂಗಡ್ಡೆ ಮೂಟೆ ಹೊರುವವರೆಲ್ಲ ಬಲ್ಲರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೈ ನೋವೆಂದರೆ ಬಿಸಿನೀರು, ಹರಳೆಣ್ಣೆ. ಆಮೇಲೆ ಎಲ್ಲದಕ್ಕೂ ಸೂಜಿ ಬಂತು. ಈಗ ಈ ಮಾತ್ರೆ ಬಂದಿದೆ. ಅಂಗಡಿಯವನು ಚೀಟಿ ಕೇಳುವುದಿಲ್ಲ. ಮಾರ್ಫಿನ್ನಿನ ಹಾಗೆ ಅದೂ ಅಫೀಮಿನ ಕುಲಕ್ಕೆ ಸೇರಿದ್ದೇ, ಬಲ ಮಾತ್ರ ಕಡಿಮೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ರಾಚ ಅದನ್ನೇ ನುಂಗುತ್ತ ಒಂದು ವರ್ಷ ಕಳೆದ.

ಕಾಲು ಎಳೆಯುವಂತಾದಾಗ ಚಾಮರಾಜನಗರಕ್ಕೆ ಕರೆದೊಯ್ದರು. ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದು, ರಾಜ್ಯ ಬೇರೆಯಾದರೂ ನಮ್ಮವರಿಗೆ ಅದೇ ಹತ್ತಿರದ ದೊಡ್ಡ ಊರು, ಮಾತೂ ನಮ್ಮದೇ. ಅಲ್ಲಿ ತಪಾಸಣೆ ಮಾಡಿ ರೋಗದ ಹೆಸರು ಹೇಳಿದರು. ನೋವಿಗೆ ಏನು ಮಾಡುವುದು ಎಂದು ಕೇಳಿದ್ದಕ್ಕೆ ಅಲ್ಲಿನ ವೈದ್ಯರೊಬ್ಬರು, "ಇದಕ್ಕೆ ಬೇಕಾದ ಮಾತ್ರೆಯನ್ನು ನಾನು ಬರೆಯುವುದಿಲ್ಲ ತಾಯಿ. ಬರೆದರೂ ಇಲ್ಲಿ ನನಗೆ ಗೊತ್ತಿರುವ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು" ಎಂದರಂತೆ. ಅವರು ಒಳ್ಳೆಯವರೇ. ತಮ್ಮ ಕೈಗೆ ಎಟಕುವ ಮಾತ್ರೆಗಳನ್ನೆಲ್ಲ ಬರೆದುಕೊಟ್ಟರು. ಯಾವುದೂ ನಾಟಲಿಲ್ಲ.

ಕೊನೆಗೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡು ಹಿಡಿದು ಘಾಟಿ ಇಳಿದು ಕೊಯಮತ್ತೂರಿಗೆ ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ನೋವಿಗೆಂದೇ ಒಂದು ಕೋಣೆ. "'ವಲಿ ಎಪ್ಪಡಿ ಇರುಕ್ಕು' ಅಂತ ಮೊದ್ಲು ಕೇಳುದ್ರು ಟೀಚರಮ್ಮ. ಅಲ್ಲೀಗಂಟ ಯಾರೂ ನೋವು ಎಂಗದೆ ಅಂತ ಕೇಳಿರ್ನಿಲ್ಲ. ಎಲ್ಲಾ ರಿಪೋರ್ಟೇ ಕೇಳ್ತಿದ್ರು" ಎಂದಳು ದೊಡ್ಡಮಾದಮ್ಮ. ಅಲ್ಲಿ ಮಾರ್ಫಿನ್ ಕೊಟ್ಟರು. ಎರಡು ವಾರಕ್ಕೆ ಆಗುವಷ್ಟು. ಮುಗಿದರೆ ಮತ್ತೆ ಬಂದು ತೆಗೆದುಕೊಂಡು ಹೋಗಬೇಕು.

ಅವಳ ತಂಗಿಯೊಬ್ಬಳು ಶುಂಠಿ ಕೆಲಸಕ್ಕೆಂದು ಹೋಗಿ ಕೇರಳದ ಬತ್ತೇರಿಯ ಹತ್ತಿರ ನೆಲೆಸಿದ್ದಳು. ಫೋನು ಮಾಡಿದಾಗ ತಂಗಿ, "ಇಲ್ಲಿ ನಮ್ ಪಕ್ಕದ್ಮನೆ ಅಜ್ಜಿಗೆ ನರ್ಸಮ್ಮನೇ ಮನೆ ಬಾಗ್ಲಿಗೆ ತಂದ್ಕೊಟ್ಟು, ಕಾಲು ತೊಳ್ದು ಓಯ್ತರೆ" ಎಂದಳಂತೆ. ಅದನ್ನು ಕೇಳಿ ರಾಚ ಹೇಳಿದ್ದು: "ನಮ್ ಕಾಡಾನೆ ಮೂರು ರಾಜ್ಯನೂ ಸುತ್ಕೊಂಡು ಬತ್ತದೆ. ಅದರ ನೋವು ಎಲ್ಲೋದ್ರೂ ಒಂದೇ. ಮನ್ಸನ ನೋವು ಮಾತ್ರ ಗಡಿ ದಾಟುದ್ರೆ ಬ್ಯಾರೆ ಆಯ್ತದಾ?"

ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಒಂದು ಕಡೆ ಕೊಟ್ಟು ಕೊಟ್ಟು ರೂಢಿಯಾಗಿದೆ. ಇನ್ನೊಂದು ಕಡೆ ಕೊಡದೆ ಕೊಡದೆ ರೂಢಿಯಾಗಿದೆ. ನಡುವೆ ಈ ಹೆಂಗಸು ಬಸ್ಸು ಹತ್ತಿ ಇಳಿಯುತ್ತಿದ್ದಳು, ಅಷ್ಟೆ.

ರಾಚನಿಗಿದ್ದ ಆಸೆ ಒಂದೇ. ನೆಟ್ಟಗೆ ಮಲಗಬೇಕು. ಮಲಗಿದರೆ ಸೊಂಟದಲ್ಲಿ ಕೊಡಲಿ ಹಾಕಿದಂತಾಗುವುದರಿಂದ ಅವನು ಎಷ್ಟೋ ತಿಂಗಳಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. "ಎಣ ಆದ್ಮೇಲೆ ಎಂಗೂ ಮಲಗುಸ್ತರೆ. ಅದಕ್ಕೆ ಮುಂಚೆ ಒಂದಿನ ನಾನೇ ಮಲಗ್ಬೇಕು" ಎನ್ನುತ್ತಿದ್ದನಂತೆ. ಇದನ್ನು ಹೇಳುವಾಗ ದೊಡ್ಡಮಾದಮ್ಮ ಅಳಲಿಲ್ಲ. ಅಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲವೆಂದು ತೋರುತ್ತದೆ.

ನಮ್ಮಮ್ಮ ಹಾಸಿಗೆ ಹಿಡಿದಿದ್ದಾಗ ತಂದ ಗಾಳಿಹಾಸಿಗೆಯೊಂದು ನಮ್ಮ ಮನೆಯ ಅಟ್ಟದಲ್ಲಿತ್ತು. ಅದನ್ನು ರಾಚನಿಗೆ ಕೊಡೋಣವೆಂದುಕೊಂಡೆ. ಆ ಹೊತ್ತಿಗೆ ಸರಿಯಾಗಿ ಶೈಲಶ್ರೀ ಎಂಬ ನರ್ಸಮ್ಮ ನಮ್ಮ ಭಾಗಕ್ಕೆ ಬಂದಿದ್ದಳು. ಹಾಸಿಗೆ ಹಿಡಿದವರ ಮನೆಮನೆಗೆ ಸರ್ಕಾರದ ವ್ಯಾನಿನಲ್ಲಿ ಹೋಗಿ ನೋಡುವುದು ಅವಳ ಕೆಲಸ. ತಿಗನಾರೆಗೆ ಹೊರಟಿದ್ದವಳು ನನ್ನನ್ನೂ ಹಾಸಿಗೆಯನ್ನೂ ವ್ಯಾನಿಗೆ ಹತ್ತಿಸಿಕೊಂಡಳು.

ನಾವು ಹೋದಾಗ ರಾಚ ಗೋಡೆಗೆ ಒರಗಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿಕೊಂಡು ಕೂತಿದ್ದ. ಹಣೆಯಲ್ಲಿ ಬೆವರು. ಆದರೂ ನನ್ನನ್ನು ಕಂಡು, "ಬನ್ನಿ ಟೀಚರಮ್ಮ. ಎದ್ದು ನಿಂತ್ಕಬೇಕು ನಾನು. ಕಾಲು ರಜಾ ಆಕ್ಬುಟ್ಟದೆ" ಎಂದ.

ಶೈಲಶ್ರೀ ಅವನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. "ನೋವು ಎಂಗದೆ ತಾತ? ಹತ್ತಕ್ಕೆ ಎಷ್ಟು ಅಂತ ಏಳಿ."

"ಇಸ್ಕೂಲ್ ಬಾಗ್ಲೇ ಕಂಡಿಲ್ಲ ನಾನು, ನಂಬರ್ ಕೇಳ್ತೀಯಲ್ಲ ಕೂಸೆ. ಆನೆ ಕಾಲ್ ಮಡಗ್ದಂಗದೆ. ಮರಿಯಾನೆ ಅಲ್ಲ."

"ಬೆಳಗ್ಗೆ ಮಾತ್ರೆ ತಕ್ಕೊಂಡ್ರಾ?"

ರಾಚ ಹೆಂಡತಿಯ ಕಡೆ ನೋಡಿದ. ದೊಡ್ಡಮಾದಮ್ಮ ಬಾಗಿಲ ಬಳಿ ನಿಂತಿದ್ದಳು. "ನೆನ್ನೆ ರಾತ್ರಿ ಕೊಟ್ಟಿದ್ದೆ" ಎಂದಳು.

"ನಾಲ್ಕು ಗಂಟೆಗೊಂದು ಅಂತ ಬರ್ದವ್ರಲ್ಲವ್ವ."

"ಬರ್ದವ್ರೆ. ತಡ್ಕೊಳಕಾಗ್ದೆ ಕಿರುಚುದ್ರೆ ಕೊಡ್ತೀನಿ."

"ಕಿರುಚದೆ ಇದ್ರೆ?"

"ಇದ್ರೆ ಉಳೀತದಲ್ಲ."

ಶೈಲಶ್ರೀ ಅವಳ ಕಡೆ ತಿರುಗಿ, "ಉಳ್ದಿರದ ತಕ್ಕೊಂಡ್ ಬನ್ನಿ, ನೋಡವ" ಎಂದಳು.

ದೊಡ್ಡಮಾದಮ್ಮ ಒಳಗೆ ಬಂದಳು. ಮೂಲೆಯಲ್ಲಿ ಒಂದು ಗುಡಾಣವಿತ್ತು. ಬಿತ್ತನೆಯ ರಾಗಿಯನ್ನು ಬೇವಿನ ಸೊಪ್ಪು ಹಾಕಿ ಇಡುವ ಮಣ್ಣಿನ ದೊಡ್ಡ ಮಡಕೆ. ಅದರೊಳಗೆ ಮೊಣಕೈ ತನಕ ಕೈ ಇಳಿಸಿ ಒಂದು ಬಟ್ಟೆಯ ಗಂಟನ್ನು ಹೊರಗೆ ತೆಗೆದಳು. ಗಂಟು ಬಿಚ್ಚಿದರೆ ಮಾತ್ರೆಯ ಪಟ್ಟಿಗಳು, ಒಂದರ ಮೇಲೊಂದು ಜೋಡಿಸಿ ದಾರ ಸುತ್ತಿದ್ದವು. ಒಂದೆರಡು ತಿಂಗಳು ನೋವಿಲ್ಲದೆ ಇರಲು ಸಾಕಾಗುವಷ್ಟು.

ನಮ್ಮ ಮಳೆಯ ಬೆಳೆಯ ಊರುಗಳಲ್ಲಿ ಇದು ರಕ್ತದಲ್ಲಿ ಬಂದ ನಡತೆ. ರಾಗಿ ಮನೆಗೆ ಬಂದರೆ ಮೊದಲು ಬಿತ್ತನೆಗೆ ಎತ್ತಿಡಬೇಕು, ಆಮೇಲೆ ಉಣ್ಣಬೇಕು. ಮಕ್ಕಳು ಹಸಿದು ಅತ್ತರೂ ಬಿತ್ತನೆಯ ಗುಡಾಣಕ್ಕೆ ಕೈ ಹಾಕುವ ಹೆಂಗಸು ಈ ಬೆಟ್ಟದಲ್ಲಿಲ್ಲ. ದೊಡ್ಡಮಾದಮ್ಮ ಕೊಯಮತ್ತೂರಿನಿಂದ ಬಂದ ಪ್ರತಿ ಸಲವೂ ಮೊದಲು ಅರ್ಧ ಎತ್ತಿಟ್ಟು, ಉಳಿದ ಅರ್ಧದಲ್ಲಿ ಗಂಡನ ನೋವನ್ನು ಹಂಚಿ ಬಳಸಿದ್ದಳು.

ಶೈಲಶ್ರೀ ಚಿಕ್ಕವಳು, ಅವಳಿಗೆ ತಡೆಯಲಾಗಲಿಲ್ಲ. "ಅಯ್ಯೋ ಅವ್ವ, ಇದೇನ್ ಮಾಡ್ಬುಟ್ರಿ! ಔಷ್ದಿ ಮನೇಲೇ ಮಡೀಕೊಂಡು ತಾತನ್ನ ಇಂಗೆ ಕೂರ್ಸಿದ್ರಾ?"

"ಏನ್ ಮಾಡ್ಬುಟ್ಟೆ ಅಂತೀಯ?" ದೊಡ್ಡಮಾದಮ್ಮನ ದನಿ ಏರಿತು. "ಓದ್ ಮಳೇಲಿ ಘಾಟೀಲಿ ಬಂಡೆ ಉರ್ಳಿ ಬಸ್ ನಿಂತೋಯ್ತು. ಆಗ ಎಲ್ಲಿದ್ದೆ ನೀನು? ಇನ್ನೊಂದ್ಸಲ ಅಷ್ಟ್ ದೂರ ಓದ್ರೆ 'ಸ್ಟಾಕ್ ಇಲ್ಲ, ಮುಂದಿನ್ ವಾರ ವಾಂಗೋ' ಅಂದ್ರು. ಬರೀ ಕೈಲಿ ಬಂದೆ. ಇವ್ರು ಗ್ವಾಡೆಗೆ ತಲೆ ಚಚ್ಕೊಂಡ್ರು. ನಾನು ನಡೂಕೆ ಕೈ ಮಡಗ್ದೆ, ಕೈ ಮೇಲೆ ಚಚ್ಕೊಂಡ್ರು. ಅವತ್ತೇ ಅನ್ಕೊಂಡೆ, ಇನ್ನೊಂದಪ ಇಂಗಾಗ್ಬಾರ್ದು ಅಂತ. ಅಂಗಡೀಲಿ ಸಿಗಕಿಲ್ಲ, ಚಾಮ್ರಾಜ್‌ನಗರ್ದಲ್ಲೂ ಸಿಗಕಿಲ್ಲ. ಎತ್ತಿಡ್ದೆ ಏನ್ ಮಾಡ್ಲಿ?"

ರಾಚ ಆ ಪಟ್ಟಿಗಳನ್ನೇ ನೋಡುತ್ತಿದ್ದ. ತಾನು ತಿಂಗಳುಗಟ್ಟಲೆ ಒರಗಿ ಕೂತ ಗೋಡೆಗೂ ಆ ಗುಡಾಣಕ್ಕೂ ಒಂದು ಮಾರು ದೂರವೂ ಇರಲಿಲ್ಲ. ಕೊನೆಗೆ ಅವನೇ, "ಬಿತ್ತನೆಗೆ ಮಡಗವ್ಳೆ ಕಣ ಕೂಸೆ. ಮುಂಗಾರ್ಗೆ ನಟ್ರೆ ಮಾತ್ರೆ ಪೈರೇ ಬತ್ತದೆ. ಹಂದಿ ತಿನ್ಕೊಂಡು ಸುಖವಾಗಿ ಮಲೀಕತವೆ" ಎಂದ.

ಶೈಲಶ್ರೀ ಮುಖ ತಿರುಗಿಸಿಕೊಂಡು ನಕ್ಕಳು, ಕಣ್ಣೊರೆಸಿಕೊಂಡಳೋ ಏನೋ. ಆಗ ರಾಚ ಹೆಂಡತಿಗೆ, ಹಾಸ್ಯವಿಲ್ಲದ ದನಿಯಲ್ಲಿ, "ಅಮ್ಮೀ, ಕಿರುಚುದ್ರೆ ಕೊಡ್ತೀನಿ ಅಂತ ನಂಗೆ ಯಾಕ್ ಏಳ್ನಿಲ್ಲ? ನೀನು ವಸಿ ನಿದ್ದೆ ಮಾಡ್ಲಿ ಅಂತ ನಾನು ಬಟ್ಟೆ ಕಚ್ಕೊಂಡು ತಡ್ಕೊತಿದ್ದೆ" ಎಂದ.

ದೊಡ್ಡಮಾದಮ್ಮ ಬಂದು ಅವನ ಪಕ್ಕದಲ್ಲಿ ಕೂತಳು. ಇವನು ಸುಮ್ಮನಿದ್ದಾನೆ, ಇಂದು ನೋವು ಕಡಿಮೆಯಿದೆ ಎಂದು ಅವಳು ಮಾತ್ರೆ ಎತ್ತಿಟ್ಟಳು. ಅವಳು ಮಲಗಲಿ ಎಂದು ಇವನು ಸುಮ್ಮನಿದ್ದ. ಎಷ್ಟು ರಾತ್ರಿಗಳು ಹೀಗೆ ಕಳೆದವೋ ದೇವರಿಗೇ ಗೊತ್ತು.

ಶೈಲಶ್ರೀ ಈಗ ಮೆಲ್ಲಗೆ ಮಾತಾಡಿದಳು. "ಇದು ಬೆಂಕಿ ಬಿದ್ಮೇಲೆ ನೀರು ಎರಚೋ ಔಷ್ದಿ ಅಲ್ಲವ್ವ. ಬೆಂಕಿ ಬೀಳ್ದಂಗೆ ನೋಡ್ಕೊಳ್ಳೋದು. ಗಂಟೆ ಗಂಟೆಗೆ ಸರ್ಯಾಗಿ ಕೊಡ್ಬೇಕು, ನೋವಿದ್ರೂ ಇಲ್ದಿದ್ರೂ. ಇನ್ಮೇಲೆ ಕಡ್ಮೆ ಬಿದ್ರೆ ನಾನು ಓಡಾಡ್ತೀನಿ."

"ನೀನು ವರ್ಗ ಆಗೋದ್ರೆ?"

ಬೇರೆಯವರಾಗಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದರು. ಆ ಹುಡುಗಿ ಸುಳ್ಳು ಹೇಳಲಿಲ್ಲ. "ಆಗ್ಬೋದು. ಆದ್ರೆ ತಾತನ ನೋವು ನಾನು ವರ್ಗ ಆಗೋಗಂಟ ಕಾಯಕಿಲ್ಲ. ಅದು ಇವತ್ತೇ ಅದೆ" ಎಂದಳು.

ಅಲ್ಲಿಂದಲೇ ಕೊಯಮತ್ತೂರಿನ ವೈದ್ಯರಿಗೆ ಫೋನು ಮಾಡಿ ತಮಿಳಿನಲ್ಲಿ ಎಲ್ಲವನ್ನೂ ವಿವರಿಸಿದಳು. ಇಷ್ಟು ದಿನ ಸರಿಯಾಗಿ ತೆಗೆದುಕೊಳ್ಳದ್ದರಿಂದ ಮೊದಲು ಕಡಿಮೆ ಕೊಟ್ಟು ನೋಡಿ, ಆಮೇಲೆ ಏರಿಸಿ ಎಂದರಂತೆ. ಮಲಬದ್ಧತೆಗೆ ಬೇರೆ ಔಷಧ ಹೇಳಿದರು. ದೊಡ್ಡಮಾದಮ್ಮನಿಗೆ ಗಡಿಯಾರ ನೋಡುವ ಅಭ್ಯಾಸವಿರಲಿಲ್ಲ. ಅವಳ ಫೋನಿನಲ್ಲಿ ಹೊತ್ತು ಹೊತ್ತಿಗೆ ಕೂಗುವಂತೆ ಅಲಾರಾಂ ಇಟ್ಟುಕೊಟ್ಟಳು.

ಅದಕ್ಕೂ ರಾಚ ಒಂದು ಹೆಸರಿಟ್ಟ. ತನ್ನ ಎರಡನೆಯ ಹೆಂಡತಿಯಂತೆ. "ಮೊದಲ್ನೆಯವ್ಳು ನಾನು ಕೂಗುದ್ರೆ ಮಾತ್ರೆ ಕೊಡ್ತಿದ್ಲು. ಇವ್ಳು ತಾನೇ ಕೂಗಿ ಕೊಡುಸ್ತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ನಾಲ್ಕೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಗಾಳಿಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ. ನೆಟ್ಟಗೆ ಮಲಗಿದ. ಹೊತ್ತು ಮುಳುಗಿದರೂ ಏಳಲಿಲ್ಲ. ದೊಡ್ಡಮಾದಮ್ಮ ಗಾಬರಿಯಿಂದ ಅವನ ಹೆಗಲು ಹಿಡಿದು ಅಲುಗಾಡಿಸಿದಳು.

"ಯಾಕಮ್ಮೀ?"

"ಬದ್ಕಿದ್ದೀಯಾ ಅಂತ ನೋಡ್ದೆ."

"ಬದ್ಕಿದ್ದೆ. ಈಗ ನೀನೇ ಸಾಯುಸ್ದೆ" ಎಂದು ಮತ್ತೆ ಕಣ್ಣು ಮುಚ್ಚಿದನಂತೆ. ಇದನ್ನು ಹೇಳುವಾಗ ಅವಳು ನಕ್ಕದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಮುಂದಿನ ಹಲ್ಲು ಒಂದಿಲ್ಲ ಅವಳಿಗೆ.

ಕೇರಿಯವರು ಸುಮ್ಮನಿರುತ್ತಾರೆಯೇ? ಗಂಡನಿಗೆ ಅಫೀಮು ತಿನ್ನಿಸಿ ಮಲಗಿಸಿದ್ದಾಳೆ ಎಂದರು. "ಊಂ, ತಿನ್ಸಿವ್ನಿ. ನಿನ್ ಬಾಯ್ಗೂ ವಸಿ ಆಕ್ಲಾ? ಊರೇ ನಿದ್ದೆ ಮಾಡ್ತದೆ" ಎಂದು ಒಬ್ಬಳಿಗೆ ಹೇಳಿದಳಂತೆ. ಆಮೇಲೆ ಆ ಮಾತು ನಿಂತಿತು.

ಬೇಸಿಗೆ ಹತ್ತಿರವಾಗುತ್ತಿದ್ದಾಗ ಒಂದು ಸಂಜೆ ಅವಳು ನಮ್ಮ ಜಗಲಿಗೆ ಬಂದು ಕೂತಳು. ನೀರು ಕೊಟ್ಟರೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ.

"ಒಂದ್ ವಾರಕ್ಕೆ ಮಾತ್ರ ಕೊಟ್ಟವ್ರೆ ಟೀಚರಮ್ಮ. ಮೇಲಿಂದ ಬಂದಿಲ್ವಂತೆ, ಯಾವಾಗ ಬತ್ತದೋ ಗೊತ್ತಿಲ್ವಂತೆ. ನೋವು ಏರ್ದಂಗೆ ಮಾತ್ರೆನೂ ಜಾಸ್ತಿ ಆಗಿ ಗುಡಾಣದ್ದೂ ಖಾಲಿ ಆಗ್ತಾ ಬಂತು. ಈಗ ಏನ್ ಮಾಡದು? ಕೊಡ್ಲಾ? ಎತ್ತಿಡ್ಲಾ?"

ಎತ್ತಿಟ್ಟರೆ ಇಂದೇ ನೋವು. ಕೊಟ್ಟರೆ, ಮುಗಿದ ದಿನ ಗೋಡೆಗೆ ತಲೆ ಚಚ್ಚಿಕೊಳ್ಳುವ ನೋವು. "ಶೈಲಶ್ರೀಗೆ ಫೋನು ಮಾಡೋಣ" ಎಂದೆ. ಮಾಡಿದೆವು. ಅವಳು ಅತ್ತ ಕಡೆಯಿಂದ, "ಗಂಟೆ ತಪ್ಪುಸ್ಬೇಡಿ ಅವ್ವ. ನಾನು ಉಡುಕ್ತೀನಿ. ಸಿಗ್ತದೆ ಅಂತ ಆಣೆ ಮಾಡಕಾಗಲ್ಲ, ಉಡುಕ್ತೀನಿ" ಎಂದಳು.

ದೊಡ್ಡಮಾದಮ್ಮ ಫೋನನ್ನು ಸೆರಗಿಗೆ ಸುತ್ತಿಕೊಂಡು ಬಸ್ಸು ಹತ್ತಿದಳು. ಅಂದು ಅವಳು ಏನು ಮಾಡುತ್ತಾಳೋ ಎಂದು ನನಗೆ ಚಿಂತೆಯಾಗಿತ್ತು. ಅಷ್ಟು ವರ್ಷಗಳ ನಡತೆ ಒಂದು ಮಾತಿಗೆ ಬಿಟ್ಟುಹೋಗುವಂಥದ್ದಲ್ಲ. ಆದರೆ ಅವಳು ಕೊಟ್ಟಳು. ಅಲಾರಾಂ ಕೂಗಿದಾಗಲೆಲ್ಲ ಕೊಟ್ಟಳು. "ಬಿತ್ತನೆ ರಾಗಿ ಬೀಸ್ದಂಗಾಯ್ತಿತ್ತು. ಆದ್ರೂ ಕೊಟ್ಟೆ. ಇವ್ರು ಬಟ್ಟೆ ಕಚ್ಕೊಂಡಿದ್ದೇ ಕಣ್ಮುಂದೆ ಬರದು" ಎಂದು ಆಮೇಲೆ ಹೇಳಿದಳು.

ಗಂಟಿನ ಕೊನೆಯ ಪಟ್ಟಿ ಅರ್ಧವಾಗಿದ್ದಾಗ ಶೈಲಶ್ರೀ ಬಂದಳು. ರಜೆ ಹಾಕಿ ತಾನೇ ಘಾಟಿ ಇಳಿದು, ಈರೋಡಿನ ಕಡೆಯ ಎರಡು ಆಸ್ಪತ್ರೆಗಳಲ್ಲಿ ಕಾಗದ ತೋರಿಸಿ, ಕಾಡಿ ಬೇಡಿ, ಸ್ವಲ್ಪ ತಂದಿದ್ದಳು. ಮುಖ ಬಾಡಿ ಹೋಗಿತ್ತು. ಅವಳನ್ನು ಕೂರಿಸಿ ದೊಡ್ಡಮಾದಮ್ಮ ರಾಗಿ ರೊಟ್ಟಿ ಸುಟ್ಟುಕೊಟ್ಟಳು. ಅಷ್ಟು ಹೆಣಗಿ ಸಿಕ್ಕದ್ದು ಕೆಲವೇ ದಿನಗಳ ನೆಮ್ಮದಿ. ಅದಕ್ಕೆ ಸಂತೋಷ ಪಡುವುದೋ ಸುಸ್ತಾಗುವುದೋ ಎಂದು ಯಾರಿಗೂ ತಿಳಿಯಲಿಲ್ಲ.

ಅದು ಮುಗಿಯುವ ಮುನ್ನವೇ ರಾಚ ತೀರಿಕೊಂಡ. ಹೊತ್ತು ಏರಿದ ಮೇಲೆ ಎರಡು ಗುಟುಕು ಅಂಬಲಿ ಕುಡಿದು, ಬಲ ಮಗ್ಗುಲಾಗಿ ಮಲಗಿದವನು ಮತ್ತೆ ಏಳಲಿಲ್ಲ. ನಾನು ಹೋದಾಗ ಪರಿಮಳ ತಿರುಪ್ಪೂರಿನಿಂದ ಬಂದಿದ್ದಳು, ಅಳುತ್ತಿದ್ದಳು. ದೊಡ್ಡಮಾದಮ್ಮ ನನ್ನ ಕೈ ಹಿಡಿದು, "ಕಾಲು ನೀಟ್ಕೊಂಡು ಓದ್ರು ಟೀಚರಮ್ಮ" ಎಂದಳು. ಉಳಿದಿದ್ದ ಮಾತ್ರೆಗಳನ್ನು ತನ್ನ ಸೊಂಟನೋವಿಗೆ ಕೊಡೆಂದು ನೆಂಟನೊಬ್ಬ ಕೇಳಿದ. ಅವಳು ಕೊಡಲಿಲ್ಲ, ಶೈಲಶ್ರೀಯ ಕೈಗೆ ಒಪ್ಪಿಸಿದಳು.

ಇದೆಲ್ಲ ಕಳೆದು ಎರಡು ವರ್ಷವಾಯಿತು. ದೊಡ್ಡಮಾದಮ್ಮ ಈಗಲೂ ಕೂಲಿಗೆ ಹೋಗುತ್ತಾಳೆ. ಕೋಸು ಕಡಿಯುವುದು, ಟೊಮೇಟೊ ಬಿಡಿಸುವುದು. ಮಂಡಿ ಹಿಡಿದುಕೊಂಡಿದೆ. ಹಾಗೆಂದು ಪೇಟೆಯ ಔಷಧದ ಅಂಗಡಿಯಲ್ಲಿ ಹೇಳಿದರೆ ರಾಚ ಮೊದಲು ನುಂಗುತ್ತಿದ್ದ ಆ ಹಳೆಯ ಪಟ್ಟಿಯನ್ನೇ ಮರುಮಾತಿಲ್ಲದೆ ಕೊಡುತ್ತಾರೆ. "ಇದ ಬ್ಯಾಡ ಅಂದ್ರೂ ಕೊಡ್ತರೆ. ಅದ ಕಾಲು ಹಿಡ್ಕೊಂಡ್ರೂ ಕೊಡಕಿಲ್ಲ" ಎನ್ನುತ್ತಾಳೆ. ನೋವು ಬಹಳವಾದ ದಿನ ಅವಳೂ ಒಂದು ನುಂಗುತ್ತಾಳೆಂದು ನನಗೆ ಗೊತ್ತು. ಬೇಡವೆಂದು ಹೇಳಿದೆ, ಮರುದಿನ ಕೂಲಿಗೆ ಹೋಗುವವರು ಯಾರು ಎಂದು ಕೇಳಿದಳು.

ಶೈಲಶ್ರೀಗೆ ಭವಾನಿಯ ಕಡೆಗೆ ವರ್ಗವಾಯಿತು. ಅವಳ ಜಾಗಕ್ಕೆ ಬಂದವರಿಗೆ ಎರಡು ಪಟ್ಟು ಊರುಗಳು, ಬರುವುದು ತಡವಾಗುತ್ತದೆ. ಹಾಗಾಗಿ ಸುತ್ತಿನ ಊರುಗಳಲ್ಲಿ ಯಾರ ಮನೆಗಾದರೂ ಘಾಟಿಯ ಕೆಳಗಿನಿಂದ ಆ ಮಾತ್ರೆ ಬಂತೆಂದರೆ ದೊಡ್ಡಮಾದಮ್ಮನಿಗೆ ಹೇಳಿಕಳಿಸುವುದು ರೂಢಿಯಾಗಿದೆ. ಅವಳು ಹೋಗಿ ಮನೆಯವರಿಗೆ ಧೈರ್ಯ ಬರುವ ತನಕ ಅಲ್ಲೇ ಕೂರುತ್ತಾಳೆ. ಔಷಧದ ವಿಷಯ ಹೆಚ್ಚೇನೂ ತಿಳಿಯದು ಅವಳಿಗೆ. ಸಂದೇಹ ಬಂದರೆ ಶೈಲಶ್ರೀಗೇ ಫೋನು ಮಾಡುತ್ತಾಳೆ. ಹೊತ್ತಿಗೆ ಸರಿಯಾಗಿ ಕೊಡಲು ಮನೆಯವರು ಹಿಂದೆಮುಂದೆ ನೋಡುತ್ತಾರಲ್ಲ, ಅದಕ್ಕೆ ಒಬ್ಬರು ಜೊತೆಯಲ್ಲಿರಬೇಕು, ಅಷ್ಟಕ್ಕೆ ಅವಳು.

ಈ ತಿಂಗಳು ಪಣಕಹಳ್ಳಿಯ ನಾಗಯ್ಯನವರ ಮನೆಯಲ್ಲಿದ್ದಾಳೆ. ನಾಗಯ್ಯನವರು ಹೊಲಗದ್ದೆ ಇರುವವರು. ಅವರ ಹೊಲದಲ್ಲಿ ಅವಳು ಹಿಂದೆ ಕಳೆ ಕಿತ್ತಿದ್ದಾಳೆ. ಆಗೆಲ್ಲ ಕೂಲಿಯವರಿಗೆ ಕೊಟ್ಟಿಗೆಯ ಬಳಿ ಊಟ. ಈಗ ಅವರ ಹೆಂಡತಿ ಮಹಾಲಿಂಗಮ್ಮನಿಗೆ ಎದೆಯ ಕ್ಯಾನ್ಸರ್. ಕಳೆದ ವಾರ ನೋಡಲು ಹೋಗಿದ್ದೆ. ದೊಡ್ಡಮಾದಮ್ಮ ನಡುಮನೆಯಲ್ಲಿ ರೋಗಿಯ ಮಂಚದ ಪಕ್ಕದಲ್ಲೇ ಕೂತಿದ್ದಳು. ನಾಗಯ್ಯನವರು ಮಾತ್ರೆಯ ಪಟ್ಟಿ ಹಿಡಿದುಕೊಂಡು ಅನುಮಾನಿಸುತ್ತ ನಿಂತಿದ್ದರು.

"ಈಗ ನಿದ್ದೆ ಹತ್ತಿದೆಯಲ್ಲ ದೊಡ್ಡಮಾದಿ. ಎಬ್ಬಿಸಿ ಕೊಡಬೇಕಾ? ಅಭ್ಯಾಸ ಆಗ್ಬುಡ್ತದೆ ಅಂತಾರೆ ಜನ."

"ಅಭ್ಯಾಸ ಆಗಿ ಅವ್ವಾರು ಸಂತೆಗೋಗಿ ತಂದಾರಾ ಬುದ್ಧಿ? ಕೊಡಿ ಇಲ್ಲಿ. ನೋವು ಎಬ್ಬುಸೋಕೆ ಮುಂಚೆ ನಾವೇ ಎಬ್ಬುಸವ."

ಮಹಾಲಿಂಗಮ್ಮನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ಮಾತ್ರೆ ನುಂಗಿಸಿ, ನೀರು ಕುಡಿಸಿ, ಬಾಯಿ ಒರೆಸಿದಳು. ಆ ತಾಯಿ ಕಣ್ಣು ತೆರೆದು ನನ್ನನ್ನು ಗುರುತಿಸಿ, ಕೂತ್ಕೊಳ್ಳಿ ಎಂಬಂತೆ ಕೈ ಮಾಡಿದರು. ನಾನು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ. ಹೊಸಿಲು ದಾಟುವಾಗ, "ಅವ್ವಾರ ಮೈ ಒರಸ್ಬೇಕು, ಒಲೆ ಮೇಲೆ ನೀರು ಮಡಗಿ ಬುದ್ಧಿ. ಬಲೇ ಬಿಸಿ ಬ್ಯಾಡ" ಎಂದು ದೊಡ್ಡಮಾದಮ್ಮ ಹೇಳುತ್ತಿರುವುದು ಕೇಳಿಸಿತು. ನಾಗಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಅಡುಗೆಮನೆಯ ಕಡೆಗೆ ಹೋದರು.